ಕೊರಿಯಾದ ಬಾಹ್ಯಾಕಾಶ ಚಿತ್ರಗಳು: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬಹುದು?

ದೆವ್ವದ ಚಿತ್ರ, ಜಾಂಬಿ ಚಿತ್ರ, ಪೊಲೀಸ್ ಚಿತ್ರಗಳಲ್ಲಿ ಪಳಗಿ ಎಷ್ಟೋ ವರ್ಷಗಳಾದ ಮೇಲೆ ಕೊರಿಯಾದ ಸಿನಿಮಾ ಮಂದಿ ಬಾಹ್ಯಾಕಾಶಕ್ಕೆ ಕೈಹಾಕಿದರು. 2021ರ ಫೆಬ್ರುವರಿ 5ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಸ್ಪೇಸ್ ಸ್ವೀಪರ್ಸ್’ ಚಿತ್ರವನ್ನು ಆ ದೇಶದ ಮೊದಲ ಬಾಹ್ಯಾಕಾಶ ಬ್ಲಾಕ್‌ಬಸ್ಟರ್ ಎಂದೇ ಪ್ರಚಾರ ಮಾಡಲಾಗಿತ್ತು. ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ ಚಂದ್ರನ ಮೇಲಿನ ಥ್ರಿಲರ್ ಸರಣಿ, ಚಂದ್ರಯಾನದ ಚಿತ್ರ, ಮಂಗಳಕ್ಕೆ ಹೋಗುವ ಅನಿಮೇಷನ್, ಬಾಹ್ಯಾಕಾಶ ನಿಲ್ದಾಣದೊಳಗಿನ ಪ್ರೇಮಕಥೆ ಎಲ್ಲ ಬಂದವು. ಪೋಸ್ಟರ್ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ: ಹೆಲ್ಮೆಟ್ ತೊಟ್ಟ ಮುಖ, ಹಿಂದೆ ಕಪ್ಪು ಆಕಾಶ. ಆದರೆ ಒಳಗಿನ ಸರಕು ಬೇರೆ ಬೇರೆ. ತಮಗೆ ಒಗ್ಗದ್ದನ್ನು ಮೊದಲು ನೋಡಿದವರು ‘ಕೊರಿಯಾದವರಿಗೆ ಬಾಹ್ಯಾಕಾಶದ ಕಥೆ ಹೇಳಲು ಬರುವುದಿಲ್ಲ’ ಎಂದು ತೀರ್ಮಾನಿಸಿ ಉಳಿದದ್ದನ್ನು ಮುಟ್ಟುವುದೇ ಇಲ್ಲ. ಅದು ದೊಡ್ಡ ನಷ್ಟ.

ಆರಿಸುವ ಮುನ್ನ ಒಂದು ಮಾತು ಗೊತ್ತಿರಲಿ. ಅನ್ಯಗ್ರಹದ ಜೀವಿಗಳು, ಬೇರೆ ನಕ್ಷತ್ರಮಂಡಲಗಳು, ಕಾಲಪ್ರಯಾಣ ಇವನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ಹೆಚ್ಚೇನೂ ಸಿಗದು. ಈ ಕಥೆಗಳು ಭೂಮಿಯ ಕಕ್ಷೆ, ಚಂದ್ರ, ಹೆಚ್ಚೆಂದರೆ ಮಂಗಳ ಇಷ್ಟರಲ್ಲೇ ಸುತ್ತುತ್ತವೆ. ಇಲ್ಲಿ ಹೇಳಿರುವ ಆರರ ಪೈಕಿ ಐದರಲ್ಲಿ ಕಥೆ ಶುರುವಾಗುವ ಹೊತ್ತಿಗೆ ಒಂದು ಸಾವು ಆಗಿಹೋಗಿರುತ್ತದೆ ಅಥವಾ ಒಬ್ಬರು ಕೈತಪ್ಪಿಹೋಗಿರುತ್ತಾರೆ. ಒಂದರಲ್ಲಿ ಮಗಳು, ಒಂದರಲ್ಲಿ ತಂದೆ, ಒಂದರಲ್ಲಿ ಅಕ್ಕ, ಎರಡರಲ್ಲಿ ತಾಯಿ. ನೌಕೆ ಮೇಲೇರುವುದೇ ಆ ಲೆಕ್ಕ ಚುಕ್ತಾ ಮಾಡುವುದಕ್ಕೆ. ಹಾಗಾಗಿ ‘ಯಾವುದರ ಗ್ರಾಫಿಕ್ಸ್ ಚೆನ್ನಾಗಿದೆ’ ಎಂದು ಕೇಳುವುದಕ್ಕಿಂತ ‘ಇವತ್ತು ಯಾವ ಥರದ ದುಃಖವನ್ನು, ಎಷ್ಟು ಹೊತ್ತು, ಯಾರ ಜೊತೆ ಕೂತು ನೋಡಲು ಮನಸ್ಸಿದೆ’ ಎಂದು ಕೇಳಿಕೊಂಡರೆ ಆಯ್ಕೆ ತಾನಾಗಿ ಸರಿಹೋಗುತ್ತದೆ. ಕೆಳಗೆ ಪ್ರತಿ ಕಥೆಯ ಆರಂಭದ ಸಂಗತಿಗಳನ್ನಷ್ಟೇ ಹೇಳಿದ್ದೇವೆ, ತಿರುವುಗಳನ್ನು ಬಿಟ್ಟುಕೊಟ್ಟಿಲ್ಲ.

ಸ್ಪೇಸ್ ಸ್ವೀಪರ್ಸ್ (2021, 136 ನಿಮಿಷ)

ಕಥೆ ನಡೆಯುವುದು 2092ರಲ್ಲಿ. ಭೂಮಿ ಬರಡಾಗಿದೆ, ಕಾಡಿಲ್ಲ, ಗಾಳಿ ಕೆಟ್ಟಿದೆ. ಯುಟಿಎಸ್ ಎಂಬ ಕಂಪನಿ ಕಕ್ಷೆಯಲ್ಲಿ ಹಸಿರು ಊರೊಂದನ್ನು ಕಟ್ಟಿಕೊಂಡು ತನಗೆ ಬೇಕಾದವರಿಗೆ ಮಾತ್ರ ಪೌರತ್ವ ಕೊಡುತ್ತದೆ. ಉಳಿದವರು ಅಲ್ಲಿಗೆ ಹೋಗುವುದು ಕೂಲಿಗೆ. ‘ವಿಕ್ಟರಿ’ ಎಂಬ ನೌಕೆಯ ನಾಲ್ವರದ್ದು ಬಾಹ್ಯಾಕಾಶದ ಕಸ ಹಿಡಿದು ಮಾರುವ ಕೆಲಸ. ಸೊಂಗ್ ಜೂಂಗ್-ಕಿ ಪೈಲಟ್, ಕಿಮ್ ತೇ-ರಿ ಕ್ಯಾಪ್ಟನ್, ಜಿನ್ ಸನ್-ಕ್ಯು ಎಂಜಿನಿಯರ್. ನಾಲ್ಕನೆಯದು ಬಬ್ಸ್ ಎಂಬ ರೋಬಾಟ್. ಅದಕ್ಕೆ ದನಿಯನ್ನೂ ಚಲನೆಯನ್ನೂ ಕೊಟ್ಟವರು ಯೂ ಹೇ-ಜಿನ್. ಕಸದ ನಡುವೆ ಇವರಿಗೆ ಒಬ್ಬ ಪುಟ್ಟ ಹುಡುಗಿ ಸಿಗುತ್ತಾಳೆ. ಅವಳು ಬಾಂಬು ಹೊತ್ತ ರೋಬಾಟ್ ಎಂದು ಸುದ್ದಿಯಾಗಿರುತ್ತದೆ.

ನಿರ್ದೇಶಕ ಜೋ ಸಂಗ್-ಹೀ ಇಲ್ಲಿ ಮಾಡಿರುವ ದೊಡ್ಡ ಕೆಲಸವೆಂದರೆ ಬಾಹ್ಯಾಕಾಶವನ್ನು ಕೆಲಸದ ಜಾಗವಾಗಿ ತೋರಿಸಿರುವುದು. ಈ ನಾಲ್ವರು ಎಷ್ಟು ದುಡಿದರೂ ದಂಡ, ಬಡ್ಡಿ, ರಿಪೇರಿ ಖರ್ಚು ಕಳೆದು ಕೈಗೆ ಏನೂ ಉಳಿಯುವುದಿಲ್ಲ. ಸಾಲ ಬೆಳೆಯುತ್ತಲೇ ಹೋಗುತ್ತದೆ. ನೌಕೆಯ ಒಳಗೂ ಹೊಳಪಿಲ್ಲ. ತುಕ್ಕು, ಎಣ್ಣೆ ಕಲೆ, ಮಡಚಿಟ್ಟ ಬಟ್ಟೆ, ಇಸ್ಪೀಟು. ಪೈಲಟ್ಟಿಗೆ ದುಡ್ಡು ಬೇಕಾಗಿರುವುದು ಏತಕ್ಕೆ ಎಂದು ತಿಳಿದ ಮೇಲೆ ಅವನ ಜಿಪುಣತನವನ್ನು ನೋಡುವ ಕಣ್ಣೇ ಬದಲಾಗುತ್ತದೆ. ಸುಮಾರು 2,400 ಕೋಟಿ ವೊನ್ ಖರ್ಚಿನಲ್ಲಿ ಇಷ್ಟು ತುಂಬಿದ ಜಗತ್ತನ್ನು ಕಟ್ಟಿದ್ದು ಮೆಚ್ಚಬೇಕಾದ ಸಾಧನೆ. ಚಿತ್ರಮಂದಿರಕ್ಕೆಂದೇ ತಯಾರಾದ ಚಿತ್ರ ಇದು. 2020ರಲ್ಲಿ ಕೋವಿಡ್‌ನಿಂದ ಬಿಡುಗಡೆ ಮುಂದೆ ಹೋಗಿ ಹೋಗಿ, ಕೊನೆಗೆ ನೆಟ್‌ಫ್ಲಿಕ್ಸ್ ಪಾಲಾಯಿತು. ಫೋನಿನಲ್ಲಿ ನೋಡಿದರೆ ಅರ್ಧ ಚಿತ್ರ ಕಣ್ಣಿಗೇ ಬೀಳುವುದಿಲ್ಲ.

ಎಡವುವುದು ಎಲ್ಲಿ? ಮೊದಲ ಅರ್ಧ ಗಂಟೆಯಲ್ಲಿ. ಕಂಪನಿ, ಅದರ ಸೈನ್ಯ, ಉಗ್ರರ ಗುಂಪು, ಸಾಲ, ಹುಡುಗಿಯ ಗುಟ್ಟು ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಮೂರನ್ನಷ್ಟೇ ನೆನಪಿಟ್ಟುಕೊಳ್ಳಿ: ನಾಲ್ವರಿಗೂ ದುಡ್ಡು ಬೇಕು, ಹುಡುಗಿಯನ್ನು ಮಾರಿದರೆ ದುಡ್ಡು ಬರುತ್ತದೆ, ಪೈಲಟ್ ಕಳೆದುಕೊಂಡದ್ದೂ ಒಬ್ಬ ಹುಡುಗಿಯನ್ನೇ. ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ದುರ್ಬಲ ಜಾಗ ಖಳನಾಯಕ. ರಿಚರ್ಡ್ ಆರ್ಮಿಟೇಜ್ ಒಳ್ಳೆಯ ನಟರೇ, ಆದರೆ ಈ ಪಾತ್ರಕ್ಕೆ ಭಾಷಣಗಳನ್ನು ಕೊಟ್ಟಷ್ಟು ಮನಸ್ಸನ್ನು ಕೊಟ್ಟಿಲ್ಲ.

ವಿಜ್ಞಾನದ ವಿಷಯಕ್ಕೆ ಬಂದರೆ, ಕಸದ ಸಮಸ್ಯೆ ಅಪ್ಪಟ ನಿಜ. 400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಯಾವುದೇ ವಸ್ತು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಗೋಲಿಯಷ್ಟು ಚೂರು ಬಡಿದರೂ ಉಪಗ್ರಹ ಹಾಳಾಗುತ್ತದೆ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಇರಿಡಿಯಮ್ ಉಪಗ್ರಹವೊಂದಕ್ಕೆ ರಷ್ಯಾದ ಕೆಲಸ ನಿಲ್ಲಿಸಿದ್ದ ಉಪಗ್ರಹ ಡಿಕ್ಕಿ ಹೊಡೆದು ಸಾವಿರಾರು ಚೂರುಗಳಾದವು. ನಮ್ಮ ಬೆಂಗಳೂರಿನಲ್ಲೂ ಈ ಕಸದ ಮೇಲೆ ಕಣ್ಣಿಡುವುದಕ್ಕೆಂದೇ ಇಸ್ರೊ 2022ರ ಜುಲೈನಲ್ಲಿ ಒಂದು ಕೇಂದ್ರ ತೆರೆದಿದೆ. ಬಬ್ಸ್ ಬೀಸುವ ಈಟಿಯೂ ಪೂರ್ತಿ ಕಲ್ಪನೆಯಲ್ಲ. ಯುರೋಪಿನ ‘ರಿಮೂವ್‌ಡೆಬ್ರಿ’ ಪ್ರಯೋಗ 2018ರಲ್ಲಿ ಬಲೆ ಬೀಸಿ, 2019ರಲ್ಲಿ ಹಗ್ಗ ಕಟ್ಟಿದ ಈಟಿ ಎಸೆದು ಕಸ ಹಿಡಿಯುವುದನ್ನು ಕಕ್ಷೆಯಲ್ಲೇ ಪರೀಕ್ಷಿಸಿತ್ತು. ಗುರಿ ಇದ್ದದ್ದು ಬರೀ ಒಂದೂವರೆ ಮೀಟರ್ ದೂರದಲ್ಲಿ.

ಸುಳ್ಳಾಗುವುದು ಅಟ್ಟಿಸಿಕೊಂಡು ಹೋಗುವ ದೃಶ್ಯಗಳು. ಕಕ್ಷೆಯಲ್ಲಿ ಮುಂದಿರುವ ವಸ್ತುವನ್ನು ಹಿಡಿಯಲು ಎಂಜಿನ್ ಒತ್ತಿದರೆ ನೌಕೆ ಮೇಲಿನ ಕಕ್ಷೆಗೆ ಏರಿ ಇನ್ನೂ ಹಿಂದೆ ಬೀಳುತ್ತದೆ. ಹಿಡಿಯಬೇಕಾದರೆ ಮೊದಲು ವೇಗ ತಗ್ಗಿಸಿ ಕೆಳಗಿಳಿಯಬೇಕು, ಅಲ್ಲಿ ಬೇಗ ಸುತ್ತು ಹಾಕಬೇಕು, ಆಮೇಲೆ ಮತ್ತೆ ಮೇಲೇರಿ ಜೊತೆಗೂಡಬೇಕು. 2024ರ ಫೆಬ್ರುವರಿಯಲ್ಲಿ ಹಾರಿದ ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ ಹಳೆಯ ರಾಕೆಟ್ ತುಂಡೊಂದರ ಹತ್ತಿರ ಹೋಗುವುದಕ್ಕೇ ತಿಂಗಳುಗಳನ್ನು ತೆಗೆದುಕೊಂಡಿತು. ಚಿತ್ರದಲ್ಲಿ ನೌಕೆಗಳು ರೇಸ್ ಕಾರುಗಳಂತೆ ತಿರುಗುತ್ತವೆ, ಸದ್ದನ್ನೂ ಮಾಡುತ್ತವೆ. ಆ ತಪ್ಪುಗಳು ಚಿತ್ರಕ್ಕೆ ಕೇಡು ಮಾಡಿಲ್ಲ, ಏಕೆಂದರೆ ಅದು ಎಲ್ಲಿಯೂ ತಾನು ನಿಖರ ಎಂದು ಹೇಳಿಕೊಳ್ಳುವುದಿಲ್ಲ.

ದಿ ಮೂನ್ (2023, 129 ನಿಮಿಷ)

ಇದು ಹೇಳಿಕೊಳ್ಳುತ್ತದೆ. ಹಾಗಾಗಿ ಇದನ್ನು ಅಳೆಯುವ ಗಜವೇ ಬೇರೆ. 2029ರಲ್ಲಿ ಕೊರಿಯಾದ ಮೂವರು ‘ಉರಿಹೊ’ ನೌಕೆಯಲ್ಲಿ ಚಂದ್ರನತ್ತ ಹೊರಟಿದ್ದಾರೆ. ಐದು ವರ್ಷ ಹಿಂದಿನ ‘ನಾರೆಹೊ’ ನೌಕೆ ದುರಂತದಲ್ಲಿ ಮುಗಿದಿತ್ತು. ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ನೌಕೆ ಕೆಡುತ್ತದೆ, ಸರಿಪಡಿಸಲು ಹೊರಗಿಳಿದ ಇಬ್ಬರು ಸಾಯುತ್ತಾರೆ, ಎಲ್ಲರಿಗಿಂತ ಕಡಿಮೆ ಅನುಭವದ ಸನ್-ವೂ ಒಬ್ಬನೇ ಉಳಿಯುತ್ತಾನೆ. ಪಾತ್ರ ಮಾಡಿದ್ದು ದೊ ಕ್ಯುಂಗ್-ಸೂ. ಅವನನ್ನು ವಾಪಸು ತರಲು ಹಳೆಯ ದುರಂತದ ಹೊಣೆ ಹೊತ್ತು ಸೊಬೆಕ್ ಬೆಟ್ಟದ ವೀಕ್ಷಣಾಲಯ ಸೇರಿಕೊಂಡಿದ್ದ ಮಾಜಿ ನಿರ್ದೇಶಕನನ್ನು ನಾರೊ ಬಾಹ್ಯಾಕಾಶ ಕೇಂದ್ರಕ್ಕೆ ಕರೆಸುತ್ತಾರೆ. ಅದು ಸೊಲ್ ಕ್ಯುಂಗ್-ಗು. ಸಹಾಯ ಕೊಡಬಲ್ಲ ನಾಸಾದ ಅಧಿಕಾರಿ ಅವನ ಮಾಜಿ ಹೆಂಡತಿ, ಕಿಮ್ ಹೀ-ಏ.

ತೆರೆಯ ಮೇಲೆ ಚಂದ್ರನ ನೆಲ ಇಷ್ಟು ಗಟ್ಟಿಯಾಗಿ ಕಂಡದ್ದು ಕಡಿಮೆ. ನೆರಳು ಕತ್ತರಿಸಿದಂತೆ ಚೂಪು, ದೂರದ ಬೆಟ್ಟವೂ ಹತ್ತಿರದ ಕಲ್ಲಿನಷ್ಟೇ ಸ್ಪಷ್ಟ. ಗಾಳಿಯಿಲ್ಲದ ಜಾಗದಲ್ಲಿ ಹಾಗೆಯೇ ಇರುತ್ತದೆ. ಚಿತ್ರ ನೋಡಲು ಇದೊಂದೇ ಕಾರಣ ಸಾಕು. ದೊ ಕ್ಯುಂಗ್-ಸೂ ಹೆಚ್ಚಿನ ಹೊತ್ತು ಇಕ್ಕಟ್ಟಾದ ನೌಕೆಯಲ್ಲಿ ಒಬ್ಬನೇ, ಎದುರಿಗೆ ಆಡಲು ಯಾರೂ ಇಲ್ಲದೆ ನಟಿಸಬೇಕಾದ ಕಷ್ಟದ ಪಾತ್ರ. ಅದನ್ನು ಅವರು ನಿಭಾಯಿಸಿದ ರೀತಿ ಸೊಗಸು.

ತೊಂದರೆ ಕೆಳಗಿದೆ, ಭೂಮಿಯಲ್ಲಿ. ಪ್ರತಿ ಹತ್ತು ಹದಿನೈದು ನಿಮಿಷಕ್ಕೊಂದು ಹೊಸ ಆಪತ್ತು ಬರುತ್ತದೆ, ಅದರ ಹಿಂದೆಯೇ ನಿಯಂತ್ರಣ ಕೊಠಡಿಯಲ್ಲಿ ಕೂಗಾಟ, ಅಳು, ಏರುವ ಸಂಗೀತ. ನಿರ್ದೇಶಕ ಕಿಮ್ ಯೊಂಗ್-ಹ್ವಾ ಇದೇ ಮಸಾಲೆಯಿಂದ ಹಿಂದಿನ ಎರಡು ಚಿತ್ರಗಳಿಗೆ ತಲಾ ಒಂದು ಕೋಟಿಗೂ ಮೀರಿದ ಪ್ರೇಕ್ಷಕರನ್ನು ತಂದವರು. ಇಲ್ಲಿ ಅದು ಕೈಹಿಡಿಯಲಿಲ್ಲ. ಆಗಸ್ಟ್ 2ರಂದು ತೆರೆಕಂಡ ಚಿತ್ರಕ್ಕೆ ಕೊರಿಯಾದಲ್ಲಿ ಬಂದದ್ದು ಸುಮಾರು 5 ಲಕ್ಷ ಪ್ರೇಕ್ಷಕರು. ಅತ್ತು ಹಗುರಾಗುವ ಚಿತ್ರ ಬೇಕು ಎನ್ನುವವರಿಗೆ ಇದು ಹಿಡಿಸುತ್ತದೆ. ಅಳಿಸಲು ಹೊರಟ ಚಿತ್ರ ಎಂದರೆ ಸಿಡಿಮಿಡಿಗೊಳ್ಳುವವರು ಮೊದಲ ಐವತ್ತು ನಿಮಿಷ ನೋಡಿ ನಿರ್ಧರಿಸಿ. ಅಲ್ಲಿಯವರೆಗೆ ಬಿಗಿಯಾಗಿದೆ.

ಇದೇ ತಿಂಗಳಿನಲ್ಲಿ, 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ಚಂದ್ರಯಾನ-3 ಇಳಿದದ್ದನ್ನು ಬೆಂಗಳೂರಿನಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ ನೇರಪ್ರಸಾರದಲ್ಲಿ ನೋಡಿದ ಕನ್ನಡಿಗರಿಗೆ ಈ ಚಿತ್ರದ ನಿಯಂತ್ರಣ ಕೊಠಡಿ ವಿಚಿತ್ರವಾಗಿ ಕಾಣುವುದು ಸಹಜ. ಅಂದು ಕೊನೆಯ ಸುಮಾರು 19 ನಿಮಿಷ ಲ್ಯಾಂಡರ್ ತನ್ನ ಲೆಕ್ಕ ತಾನೇ ಹಾಕಿಕೊಂಡು ಇಳಿಯಿತು. ವಿಜ್ಞಾನಿಗಳು ಪರದೆಯ ಅಂಕಿಗಳನ್ನು ನೋಡುತ್ತ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂರಲು ಕಾರಣವಿದೆ. ರೇಡಿಯೊ ಸಂಕೇತ ಚಂದ್ರನಿಗೆ ಹೋಗಿ ಬರಲು ಎರಡೂವರೆ ಸೆಕೆಂಡಿಗೂ ಹೆಚ್ಚು ಬೇಕು. ‘ಎಡಕ್ಕೆ ತಿರುಗಿಸು’ ಎಂದು ಇಲ್ಲಿಂದ ಕೂಗಿ ಅದು ಅಲ್ಲಿ ಮುಟ್ಟಿ, ಆದದ್ದು ಇಲ್ಲಿ ಕಾಣುವ ಹೊತ್ತಿಗೆ ಸಮಯ ಮೀರಿರುತ್ತದೆ. ಚಿತ್ರದಲ್ಲಿ ಮಾತುಕತೆ ಪಕ್ಕದ ಕೋಣೆಯ ಜೊತೆ ನಡೆದಷ್ಟು ಸಲೀಸು.

ಉಲ್ಕೆಗಳ ಮಳೆಯ ದೃಶ್ಯ ಈ ಚಿತ್ರದ ಮುಕುಟ. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಚಂದ್ರನಿಗೆ ವಾತಾವರಣ ಇಲ್ಲದ್ದರಿಂದ ಬಾಹ್ಯಾಕಾಶದ ಕಲ್ಲು ಉರಿದುಹೋಗದೆ ಪೂರ್ತಿ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ ಎಂಬುದು ಸರಿ. ಅದೇ ಕಾರಣಕ್ಕೆ ಬೀಳುವಾಗ ಬೆಂಕಿಯ ಗೆರೆ ಕಾಣುವುದಿಲ್ಲ, ಬಡಿದ ಕ್ಷಣದ ಮಿಂಚು ಮಾತ್ರ. ಅಲ್ಲದೆ ಉಲ್ಕಾಪಾತದ ಹೊತ್ತಿನಲ್ಲಿ ಬರುವುದು ಹೆಚ್ಚಾಗಿ ಮರಳಿನ ಕಣದಷ್ಟು ಸಣ್ಣವು. ಬಂಡೆಗಳು ಸಾಲಾಗಿ ಸುರಿಯುವುದಿಲ್ಲ. ‘ಸೌರ ಮಾರುತ’ ಎಂಬ ಮಾತನ್ನೂ ಚಿತ್ರ ಸಡಿಲವಾಗಿ ಬಳಸುತ್ತದೆ. ಸೌರ ಮಾರುತ ಸದಾ ಬೀಸುತ್ತಲೇ ಇರುತ್ತದೆ. ನೌಕೆಯ ಎಲೆಕ್ಟ್ರಾನಿಕ್ಸ್ ಕೆಡಿಸುವುದು ಸೂರ್ಯನ ಸ್ಫೋಟಗಳಿಂದ ಚಿಮ್ಮುವ ಹೆಚ್ಚಿನ ಶಕ್ತಿಯ ಕಣಗಳು. ಸ್ಫೋಟದ ಬೆಳಕು ಎಂಟು ನಿಮಿಷಕ್ಕೆ ಇಲ್ಲಿ ತಲುಪಿದರೆ ಆ ಕಣಗಳಿಗೆ ಹತ್ತಾರು ನಿಮಿಷದಿಂದ ಗಂಟೆಗಳು ಬೇಕು. ಅಂದರೆ ಎಚ್ಚರಿಕೆಗೆ ಸ್ವಲ್ಪವಾದರೂ ಸಮಯವಿರುತ್ತದೆ.

ಕೊರಿಯಾದ ನಿಜವಾದ ಸ್ಥಿತಿ ತಿಳಿದಿದ್ದರೆ ಚಿತ್ರದ ಹಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವರ ಮೊದಲ ಚಂದ್ರ ನೌಕೆ ‘ದನೂರಿ’ 2022ರ ಆಗಸ್ಟ್‌ನಲ್ಲಿ ಅಮೆರಿಕದ ರಾಕೆಟ್ ಏರಿ ಹೊರಟು ಡಿಸೆಂಬರ್‌ನಲ್ಲಿ ಚಂದ್ರನ ಕಕ್ಷೆ ಸೇರಿತು. ಸ್ವಂತ ರಾಕೆಟ್ ‘ನೂರಿ’ 2021ರಲ್ಲಿ ಸೋತು 2022ರ ಜೂನ್‌ನಲ್ಲಿ ಗೆದ್ದಿತು. ಮನುಷ್ಯರಿಲ್ಲದ ಲ್ಯಾಂಡರ್ ಇಳಿಸುವ ಗುರಿಯೇ 2032. ಬೇರೆ ದೇಶಗಳು ಬಾಗಿಲು ಹಾಕಿದಾಗ ನಮ್ಮದೇ ನೌಕೆಯಲ್ಲಿ ಹೋಗುತ್ತೇವೆ ಎಂಬ ಛಲ ಭಾರತದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡರ ನಡುವೆ ಒಂದನ್ನೇ ಆರಿಸಬೇಕಾದರೆ ನಮ್ಮ ಮತ ‘ಸ್ಪೇಸ್ ಸ್ವೀಪರ್ಸ್’ಗೆ. ಅದರ ಪಾತ್ರಗಳು ಕಥೆ ಮುಗಿದ ಮೇಲೂ ನೆನಪಿನಲ್ಲಿ ಉಳಿಯುತ್ತವೆ. ‘ದಿ ಮೂನ್’ನಲ್ಲಿ ಉಳಿಯುವುದು ದೃಶ್ಯಗಳು. ಆದರೆ ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇದ್ದು, ರಾಕೆಟ್ಟು ಉಪಗ್ರಹಗಳ ಹುಚ್ಚು ಇರುವವರಾದರೆ ಈ ಮಾತನ್ನು ತಿರುಗಿಸಿ ಓದಿಕೊಳ್ಳಬಹುದು.

ದಿ ಸೈಲೆಂಟ್ ಸೀ (2021, 8 ಕಂತು, ಒಟ್ಟು ಸುಮಾರು 6 ಗಂಟೆ)

ಇದು ಸಿನಿಮಾ ಅಲ್ಲ, ನೆಟ್‌ಫ್ಲಿಕ್ಸ್ ಸರಣಿ. ಆದರೂ ಈ ಸಾಲಿನಿಂದ ಬಿಡಲಾಗದು. ನಿರ್ದೇಶಕ ಚೊಯ್ ಹ್ಯಾಂಗ್-ಯೊಂಗ್ 2014ರಲ್ಲಿ ಮಾಡಿದ್ದ ತಮ್ಮದೇ ಕಿರುಚಿತ್ರವನ್ನು ಇಲ್ಲಿ ಹಿಗ್ಗಿಸಿದ್ದಾರೆ. ಭೂಮಿಯ ಮೇಲೆ ನೀರು ಬತ್ತಿದೆ, ಯಾರಿಗೆ ಎಷ್ಟು ನೀರು ಎಂಬುದು ಕಾರ್ಡಿನ ದರ್ಜೆಯ ಮೇಲೆ ತೀರ್ಮಾನವಾಗುತ್ತದೆ. ಚಂದ್ರನ ಮೇಲಿನ ‘ಬಾಲ್ಹೆ’ ನೆಲೆಯಲ್ಲಿ ಐದು ವರ್ಷ ಹಿಂದೆ 117 ಮಂದಿ ಸತ್ತಿದ್ದಾರೆ. ವಿಕಿರಣ ಸೋರಿಕೆ ಎಂದು ಕಡತ ಮುಚ್ಚಿದೆ. ಅಲ್ಲಿಂದ ಒಂದು ಮಾದರಿಯನ್ನು ತರಲು ತಂಡವೊಂದು ಹೊರಡುತ್ತದೆ. ವಿಜ್ಞಾನಿ ಬೇ ಡೂನಾಗೆ ಅಲ್ಲಿ ಸತ್ತ ಅಕ್ಕನ ಪ್ರಶ್ನೆ. ತಂಡದ ನಾಯಕ ಗೊಂಗ್ ಯೂಗೆ ಮನೆಯಲ್ಲಿ ಕಾಯಿಲೆಯ ಮಗಳು. ಒಳಹೊಕ್ಕು ನೋಡಿದರೆ ಹೆಣಗಳು ವಿಕಿರಣದಿಂದ ಸತ್ತಂತೆ ಕಾಣುವುದಿಲ್ಲ. ನೀರಿಲ್ಲದ ಜಾಗದಲ್ಲಿ ನೀರಲ್ಲಿ ಮುಳುಗಿ ಸತ್ತಂತಿವೆ.

ಈ ಒಂದು ಎಳೆಗಾಗಿ ಸರಣಿ ನೋಡಬೇಕು. ನೀರಿಗಾಗಿ ಟ್ಯಾಂಕರ್ ಕಾದವರಿಗೆ ಇಲ್ಲಿಯ ಕಾರ್ಡಿನ ಸಾಲು ಬರೀ ಕಲ್ಪನೆಯಾಗಿ ಕಾಣುವುದಿಲ್ಲ. ಚಂದ್ರನಲ್ಲಿ ನೀರಿನ ಅಂಶವಿದೆ ಎಂಬುದಕ್ಕೆ ಬಲವಾದ ಸಾಕ್ಷ್ಯ ಕೊಟ್ಟದ್ದು 2008ರ ಅಕ್ಟೋಬರ್‌ನಲ್ಲಿ ಹೋದ ನಮ್ಮ ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಎಂಬುದನ್ನೂ ನೆನೆಯಬಹುದು. ಅಲ್ಲಿಯ ನೀರು ಧ್ರುವಗಳ ನೆರಳಿನ ಕುಳಿಗಳಲ್ಲಿ ಹಿಮವಾಗಿ, ಮಣ್ಣಿನ ಕಣಗಳಿಗೆ ಅಂಟಿಕೊಂಡ ಅಣುಗಳಾಗಿ ಇದೆ. ಸರಣಿಯ ‘ನೀರು’ ಮಾತ್ರ ಪೂರಾ ಕಲ್ಪನೆ.

ದೋಷ ಎರಡು. ಒಂದು, ಗುರುತ್ವ. ಹೊರಗೆ ನಡೆಯುವಾಗ ಎಲ್ಲರೂ ನಿಧಾನವಾಗಿ ತೇಲುತ್ತಾರೆ, ನೆಲೆಯ ಬಾಗಿಲು ದಾಟಿದೊಡನೆ ಭೂಮಿಯ ಮೇಲಿದ್ದಂತೆ ಓಡುತ್ತಾರೆ. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಪಾಲು. ಛಾವಣಿ ಹಾಕಿದ ಮಾತ್ರಕ್ಕೆ ಅದು ಬದಲಾಗದು. ಇದನ್ನು ಮೊದಲೇ ತಿಳಿದು ಒಪ್ಪಿಕೊಂಡು ಕೂತರೆ ಕಿರಿಕಿರಿ ತಪ್ಪುತ್ತದೆ. ಎರಡು, ಓಟ. ನಡುವಿನ ಕಂತುಗಳಲ್ಲಿ ಓಣಿಯಿಂದ ಓಣಿಗೆ ನಡೆದಾಟವೇ ಹೆಚ್ಚು. ದಿನಕ್ಕೊಂದು ಕಂತು ಎಂದು ನೋಡಿದರೆ ಈ ಭಾಗದಲ್ಲಿ ಬಿಟ್ಟುಬಿಡುವ ಸಂಭವ ಜಾಸ್ತಿ. 1 ಮತ್ತು 2 ಒಂದು ರಾತ್ರಿ, 3ರಿಂದ 5 ಇನ್ನೊಂದು ರಾತ್ರಿ, 6ರಿಂದ 8 ಮೂರನೆಯ ರಾತ್ರಿ ಎಂದು ಹಂಚಿಕೊಳ್ಳಿ. ಎರಡನೇ ಕಂತಿನ ಹೊತ್ತಿಗೆ ಕುತೂಹಲ ಕೆರಳದಿದ್ದರೆ ಇದು ನಿಮಗಲ್ಲ, ಸಂಕೋಚವಿಲ್ಲದೆ ನಿಲ್ಲಿಸಿ. ಚಿಕ್ಕ ಮಕ್ಕಳ ಎದುರು ಹಾಕಲೇಬೇಡಿ. ಹೆಣಗಳನ್ನೂ ಉಸಿರುಗಟ್ಟುವ ಸಾವುಗಳನ್ನೂ ಹತ್ತಿರದಿಂದ ತೋರಿಸುತ್ತಾರೆ.

ಲಾಸ್ಟ್ ಇನ್ ಸ್ಟಾರ್‌ಲೈಟ್ (2025, ಸುಮಾರು 96 ನಿಮಿಷ)

ನೆಟ್‌ಫ್ಲಿಕ್ಸ್ ಕೊರಿಯಾದಲ್ಲಿ ಮಾಡಿಸಿದ ಮೊದಲ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ. ನಿರ್ದೇಶಕಿ ಹಾನ್ ಜಿ-ವನ್. ಕಾಲ ಸುಮಾರು 2050, ಊರು ಸೋಲ್. ನಾನ್-ಯೊಂಗ್ ಮಂಗಳಕ್ಕೆ ಹೋಗಬೇಕೆಂದು ಹಟ ಹಿಡಿದ ವಿಜ್ಞಾನಿ. ಅವಳ ತಾಯಿ ಮಂಗಳಕ್ಕೆ ಹೋದವಳು ಹಿಂತಿರುಗಲಿಲ್ಲ. ಜೇ ಹಳೆಯ ಆಡಿಯೊ ಯಂತ್ರಗಳನ್ನು ರಿಪೇರಿ ಮಾಡುವ, ಹಾಡುವುದನ್ನು ಬಿಟ್ಟುಕೊಟ್ಟ ಹುಡುಗ. ತಾಯಿಯ ನೆನಪಿನ ರೆಕಾರ್ಡ್ ಪ್ಲೇಯರ್ ಕೆಟ್ಟದ್ದೇ ಇಬ್ಬರ ಪರಿಚಯಕ್ಕೆ ನೆಪ. ಅವಳಿಗೆ ದನಿ ಕೊಟ್ಟವರು ‘ಸ್ಪೇಸ್ ಸ್ವೀಪರ್ಸ್’ನ ಕ್ಯಾಪ್ಟನ್ ಕಿಮ್ ತೇ-ರಿ. ಜೇಗೆ ಹೊಂಗ್ ಕ್ಯುಂಗ್.

ಬಾಹ್ಯಾಕಾಶದ ಪಾಲು ಕಡಿಮೆ. ಮುಕ್ಕಾಲು ಭಾಗ ಸೋಲ್‌ನ ರಸ್ತೆ, ಮಳೆ, ಹಳೆಯ ಅಂಗಡಿಗಳು, ಅವುಗಳ ಮೇಲೆ ಹೊಲಿದಂತೆ ಕೂತ ಹೊಸ ಕಾಲದ ಬೆಳಕು. ಬಣ್ಣಗಳನ್ನು ನೋಡುತ್ತ ಕೂರುವುದೇ ಒಂದು ಸುಖ. ಕಥೆಯಲ್ಲಿ ಹೊಸತೇನೂ ಇಲ್ಲ, ಕೊನೆಯ ಭಾಗದಲ್ಲಿ ತರ್ಕ ಬಿಟ್ಟು ಕನಸಿನ ದಾರಿ ಹಿಡಿಯುತ್ತದೆ. ಮಂಗಳದಿಂದ ಮಾತು ಬರಲು ಗ್ರಹಗಳ ದೂರಕ್ಕೆ ತಕ್ಕಂತೆ 3ರಿಂದ 22 ನಿಮಿಷ ಬೇಕು ಎಂಬ ಸಂಗತಿ ದೂರವಾದ ಪ್ರೇಮಿಗಳ ಕಥೆಗೆ ಎಂಥ ಒಳ್ಳೆಯ ವಸ್ತು! ಚಿತ್ರ ಅದನ್ನು ಇನ್ನಷ್ಟು ದುಡಿಸಿಕೊಳ್ಳಬಹುದಿತ್ತು. ಆದರೂ ಒಂದೂವರೆ ಗಂಟೆಯ ಸಂಜೆಗೆ, ಇಬ್ಬರೇ ಕೂತು ನೋಡಲು, ಅಥವಾ ಹೊರದೇಶದಲ್ಲಿರುವ ಮಗಳು-ಅಳಿಯನಿಗೆ ಹೇಳಲು ಇದಕ್ಕಿಂತ ಒಳ್ಳೆಯದು ಈ ಸಾಲಿನಲ್ಲಿಲ್ಲ.

ಉಳಿದ ಎರಡು

‘ಜಂಗ್-ಇ’ (2023, 98 ನಿಮಿಷ) ಚಿತ್ರದ ಆರಂಭದಲ್ಲಿ ಭೂಮಿ ಮತ್ತು ಚಂದ್ರನ ನಡುವೆ ಕಟ್ಟಿದ ಎಂಬತ್ತು ನೆಲೆಗಳ ಸುದ್ದಿ ಬರುತ್ತದೆ. ಅದನ್ನು ನಂಬಿ ಬಾಹ್ಯಾಕಾಶದ ಚಿತ್ರ ಎಂದು ಕೂತರೆ ಮೋಸ ಹೋಗುತ್ತೀರಿ. ಕಥೆ ನಡೆಯುವುದು ಪ್ರಯೋಗಾಲಯದಲ್ಲಿ. ಯುದ್ಧದಲ್ಲಿ ಬಿದ್ದ ತಾಯಿಯ ಮೆದುಳನ್ನು ನಕಲು ಮಾಡಿ ಸೈನಿಕ ರೋಬಾಟ್ ತಯಾರಿಸುವ ಕೆಲಸದ ಉಸ್ತುವಾರಿ ಮಗಳದ್ದು. ಮಗಳಾಗಿ ನಟಿಸಿದ ಕಾಂಗ್ ಸೂ-ಯನ್ 1987ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದವರು. 2022ರ ಮೇನಲ್ಲಿ ತೀರಿಕೊಂಡರು. ಇದು ಅವರ ಕೊನೆಯ ಚಿತ್ರ. ಅವರಿಗಾಗಿ ನೋಡಿ, ನೌಕೆಗಳಿಗಾಗಿ ಬೇಡ.

‘ವೆನ್ ದ ಸ್ಟಾರ್ಸ್ ಗಾಸಿಪ್’ (2025) 16 ಕಂತುಗಳ ಟಿವಿ ಸರಣಿ. ಬಾಹ್ಯಾಕಾಶ ನಿಲ್ದಾಣದ ಕಮಾಂಡರ್ ಗೊಂಗ್ ಹ್ಯೊ-ಜಿನ್, ಗುಟ್ಟಿನ ಕೆಲಸ ಹೊತ್ತು ಪ್ರವಾಸಿಯಾಗಿ ಬರುವ ಹೆರಿಗೆ ವೈದ್ಯ ಲೀ ಮಿನ್-ಹೊ. ನಟರು ತೂಕವಿಲ್ಲದೆ ತೇಲುವುದನ್ನು ಇಷ್ಟು ಉದ್ದಕ್ಕೂ ಪಟ್ಟುಹಿಡಿದು ತೋರಿಸಿದ ಕೊರಿಯನ್ ಕೆಲಸ ಬೇರೆ ಇಲ್ಲ. ಆದರೆ ಹಾಸ್ಯ, ಪ್ರೇಮ, ಸಂತಾನದ ಪ್ರಯೋಗ ಇವು ಒಂದಕ್ಕೊಂದು ಬೆಸೆಯದೆ ಉಳಿದಿವೆ. ಕೊರಿಯನ್ ಧಾರಾವಾಹಿಗಳ ರೂಢಿ ಇರುವವರು ನಾಲ್ಕು ಕಂತು ನೋಡಿ ಮುಂದಿನದ್ದು ಯೋಚಿಸಿ. ಮೊದಲ ಬಾರಿಗೆ ಬರುವವರು ಇದರಿಂದ ಶುರು ಮಾಡಬಾರದು.

ಯಾರ ಜೊತೆ ಕೂತಿದ್ದೀರಿ?

ಮನೆಮಂದಿ ಎಲ್ಲ ಕೂತು ನೋಡಲು, ಮಕ್ಕಳು ಹನ್ನೆರಡು ದಾಟಿದ್ದರೆ, ‘ಸ್ಪೇಸ್ ಸ್ವೀಪರ್ಸ್’. ಪುಟ್ಟ ಹುಡುಗಿ, ತಮಾಷೆಯ ರೋಬಾಟ್ ಇದ್ದಾರೆಂದು ಇನ್ನೂ ಚಿಕ್ಕವರಿಗೆ ಹಾಕಬೇಡಿ. ಗುಂಡಿನ ಕಾಳಗ, ಬೈಗುಳ, ಸತ್ತ ಮಗುವಿನ ನೆನಪಿನ ದೃಶ್ಯಗಳಿವೆ. ಮಗುವನ್ನು ಕಳೆದುಕೊಂಡವರು ಜೊತೆಗಿದ್ದರೆ ಮೊದಲೇ ಹೇಳಿ. ಹಾಗೆಯೇ ‘ದಿ ಮೂನ್’ನಲ್ಲಿ ನಾಯಕನ ತಂದೆ ಹಳೆಯ ದುರಂತದ ಹೊಣೆ ಹೊತ್ತು ಪ್ರಾಣ ಬಿಟ್ಟ ಸಂಗತಿ ಕಥೆಯ ನಡುಗಂಬ. ಆ ನೋವು ತಟ್ಟುವವರಿಗೆ ಅದು ಅನಿರೀಕ್ಷಿತವಾಗಿ ಎದುರಾಗಬಾರದು. ಎಂಜಿನಿಯರಿಂಗ್ ಓದುವ ಹುಡುಗರಿಗೆ ‘ದಿ ಮೂನ್’ ಹಾಕಿ ತಪ್ಪು ಹುಡುಕಲು ಹೇಳಿ, ಚರ್ಚೆ ಚಿತ್ರಕ್ಕಿಂತ ಉದ್ದ ನಡೆಯುತ್ತದೆ. ಒಬ್ಬರೇ, ರಾತ್ರಿ ಹೊತ್ತು, ಫೋನ್ ದೂರ ಇಟ್ಟು ಕೂರಬಲ್ಲವರಿಗೆ ‘ದಿ ಸೈಲೆಂಟ್ ಸೀ’.

ಹಾಕುವ ಮುನ್ನ

ಆಡಿಯೊ ಕೊರಿಯನ್‌ನಲ್ಲೇ ಇರಲಿ. ಇದು ‘ಸ್ಪೇಸ್ ಸ್ವೀಪರ್ಸ್’ಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಎಲ್ಲರ ಕಿವಿಯಲ್ಲೂ ಅನುವಾದಿಸುವ ಸಾಧನವಿದ್ದು, ಪ್ರತಿಯೊಬ್ಬರೂ ತಮ್ಮ ತಮ್ಮ ನುಡಿಯಲ್ಲೇ ಮಾತಾಡುತ್ತಾರೆ. ಇಂಗ್ಲಿಷ್ ಡಬ್ಬಿಂಗ್ ಆರಿಸಿದರೆ ಆ ಸಂತೆಯ ಸದ್ದೇ ಹೊರಟುಹೋಗುತ್ತದೆ. ಸಬ್‌ಟೈಟಲ್ ಪಟ್ಟಿಯಲ್ಲಿ ಇಂಗ್ಲಿಷ್ ಎರಡು ಕಡೆ ಕಂಡರೆ ‘ಸಿಸಿ’ ಎಂದು ಬರೆಯದ್ದನ್ನು ಆರಿಸಿ. ಸಿಸಿ ಸಾಮಾನ್ಯವಾಗಿ ಡಬ್ಬಿಂಗ್ ಮಾತಿಗೆ ಹೊಂದಿಕೊಂಡಿರುತ್ತದೆ, ಕೊರಿಯನ್ ಮಾತಿಗಲ್ಲ.

‘ದಿ ಮೂನ್’ ಉಳಿದ ಚಿತ್ರಗಳಂತೆ ನೇರವಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದಲ್ಲ, ಚಿತ್ರಮಂದಿರದಲ್ಲಿ ತೆರೆಕಂಡದ್ದು. ಅದು ಎಲ್ಲಿ ಸಿಗುತ್ತದೆ ಎಂಬುದು ದೇಶಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಇದೇ ಹೆಸರಿನ ಚಿತ್ರಗಳು ಹಲವಿವೆ, ಆದ್ದರಿಂದ ಹುಡುಕುವಾಗ 2023 ಮತ್ತು ದೊ ಕ್ಯುಂಗ್-ಸೂ ಹೆಸರನ್ನು ಸೇರಿಸಿ.

ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಆಫ್ ಮಾಡಿ. ಎಲ್‌ಜಿಯಲ್ಲಿ ಅದು ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’. ಅದು ಆನ್ ಇದ್ದರೆ ಗ್ರಾಫಿಕ್ಸ್ ನೌಕೆಗಳು ವಿಡಿಯೊ ಗೇಮಿನಂತೆ ಕಾಣುತ್ತವೆ. ವಿದ್ಯುತ್ ಉಳಿಸುವ ಮೋಡ್ ಕೂಡ ಆಫ್ ಇರಲಿ. ಅದು ಪರದೆಯನ್ನು ಮಂಕು ಮಾಡಿ ‘ದಿ ಸೈಲೆಂಟ್ ಸೀ’ಯ ಓಣಿಗಳನ್ನು ಬರೀ ಕಪ್ಪು ಮಾಡಿಬಿಡುತ್ತದೆ. ಹಗಲು ನೋಡುವುದಾದರೆ ಪರದೆಯ ಎದುರಿನ ಕಿಟಕಿ ಮುಚ್ಚಿ.

ಡೇಟಾದ ಲೆಕ್ಕ: ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಹೋಗುತ್ತದೆ. ಅಂದರೆ ‘ಸ್ಪೇಸ್ ಸ್ವೀಪರ್ಸ್’ಗೆ ಎಚ್‌ಡಿಯಲ್ಲಿ ಸುಮಾರು 7, 4ಕೆಯಲ್ಲಿ ಸುಮಾರು 16 ಜಿಬಿ. ‘ದಿ ಸೈಲೆಂಟ್ ಸೀ’ ಪೂರ್ತಿಗೆ ಎಚ್‌ಡಿಯಲ್ಲೇ 18. 4ಕೆ ನಿಲ್ಲದೆ ಓಡಲು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಬೇಕು. ಮೊಬೈಲ್ ಡೇಟಾ ನೆಚ್ಚಿಕೊಂಡವರು ವೈಫೈ ಸಿಕ್ಕಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇಂಗ್ಲಿಷ್ ಬೇಗ ಓದಲಾಗದ ಹಿರಿಯರು ಜೊತೆಗಿದ್ದು ಒಬ್ಬರು ಕನ್ನಡದಲ್ಲಿ ಹೇಳುತ್ತ ಹೋಗುವುದಾದರೆ ‘ಲಾಸ್ಟ್ ಇನ್ ಸ್ಟಾರ್‌ಲೈಟ್’ ಸಲೀಸು. ಚಿತ್ರವೇ ಅರ್ಧ ಮಾತನ್ನು ಹೇಳಿಬಿಡುತ್ತದೆ. ‘ದಿ ಮೂನ್’ ಕೂಡ ನಡೆಯುತ್ತದೆ, ಆಪತ್ತು ಏನೆಂದು ಕಣ್ಣಿಗೇ ಕಾಣುವುದರಿಂದ. ‘ಸ್ಪೇಸ್ ಸ್ವೀಪರ್ಸ್’ನ ಮೊದಲರ್ಧ ಮಾತ್ರ ಹೀಗೆ ಹೇಳಲು ಕಷ್ಟ. ನಾಲ್ವರು ಒಟ್ಟಿಗೆ ಕಿತ್ತಾಡುವಾಗ ಸಾಲುಗಳು ಒಂದರ ಹಿಂದೊಂದು ಓಡುತ್ತವೆ. ಹೇಳುವವರು ತಾವೊಮ್ಮೆ ಮೊದಲೇ ನೋಡಿಕೊಂಡಿದ್ದರೆ ಯಾವ ಮಾತು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಗೊತ್ತಿರುತ್ತದೆ.